ಜುಲೈ 31 ಕಡಲಿಂದ ಮರಳದವರ ದಿನವಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಕೇರಿಯ ಒಂದು ಮನೆಯ ಯಜಮಾನ ಬೋಟಿಗೆ ಹೋದವರು ವಾಪಸ್ ಬಂದಿಲ್ಲ. ಹೆಣವೂ ಸಿಕ್ಕಿಲ್ಲ. ಮೊನ್ನೆ ಅವರ ಹೆಂಡತಿ ರೇಷನ್ ಕಾರ್ಡಿನ ಕೆವೈಸಿಗೆ ಹೋದರೆ, "ಕಾರ್ಡಲ್ಲಿ ಹೆಸರಿದ್ದವರೆಲ್ಲ ಹೆಬ್ಬೆಟ್ಟು ಒತ್ತಬೇಕು, ಯಜಮಾನರನ್ನೂ ಕರೆದುಕೊಂಡು ಬನ್ನಿ" ಅಂದರಂತೆ. ಹೆಸರು ತೆಗೆಸೋಣ ಅಂದರೆ ಮರಣ ಪತ್ರ ಬೇಕು. ಏಳು ವರ್ಷ ಸುದ್ದಿ ಇಲ್ಲದಿದ್ದರೆ ತೀರಿಕೊಂಡ ಹಾಗೆ ಅಂತ ಕಾನೂನಿನ ಲೆಕ್ಕ, ಅಲ್ಲಿಯವರೆಗೆ ಆಕೆ ಕರಿಮಣಿ ಹಾಕಬೇಕೋ ಬೇಡವೋ ಅಂತ ಊರವರು ಸುಮ್ನೆ ಪಂಚಾಯ್ತಿ ಮಾಡುತ್ತಾ ಕೂರುತ್ತಾರೆ.

2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ನಿಮಗೆ ನೆನಪಿರಬಹುದು. ಏಳು ಜನ ಇದ್ದರು. 15ರ ರಾತ್ರಿ ಸಂಪರ್ಕ ತಪ್ಪಿತು. ನೌಕಾಪಡೆಯ ನಿರೀಕ್ಷಕ್ ಹಡಗಿಗೆ ಬೋಟಿನ ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಿಂದಾಚೆ, ಸುಮಾರು 60 ಮೀಟರ್ ಆಳದಲ್ಲಿ. ಅಷ್ಟೂ ದಿನ ಕರಾವಳಿಯಲ್ಲಿ ಅದೇ ಮಾತು, ಹೆದ್ದಾರಿ ತಡೆದದ್ದೂ ಆಯಿತು. ಈಗ ಆ ಏಳು ಹೆಸರು ಎಷ್ಟು ಜನರಿಗೆ ಗೊತ್ತು ಹೇಳಿ?

ದಿನಗಳಿಗೇನೂ ಬರ ಇಲ್ಲ. ಏಪ್ರಿಲ್ 5 ಕಡಲಯಾನದ ದಿನ, 1919ರಲ್ಲಿ ಮುಂಬೈಯಿಂದ ಲಂಡನ್ನಿಗೆ ಹೊರಟ ಒಂದು ಹಡಗಿನ ನೆನಪಿಗೆ. ನವೆಂಬರ್ 21 ಮೀನುಗಾರಿಕೆ ದಿನ. 1971ರ ಯುದ್ಧದಲ್ಲಿ ಮುಳುಗಿದ ಖುಕ್ರಿ ಹಡಗಿನವರಿಗೆ ದಿಯುವಿನಲ್ಲಿ ಸ್ಮಾರಕ ಇದೆ, ಇರಲೇಬೇಕು. ಆದರೆ ಬೋಟಿನಲ್ಲಿ ದುಡಿಯುವ ಕಲಾಸಿಗೆ, ಮಳೆಗಾಲದಲ್ಲಿ ನದಿ ಕಡಲು ಸೇರುವ ಅಳಿವೆ ಬಾಯಲ್ಲಿ ನಾಡದೋಣಿ ಮಗುಚಿ ಹೋದವನಿಗೆ ಯಾವ ದಿನ? ಹೆಣ ಸಿಗದವನಿಗೆ ತಿಥಿಯೂ ಇಲ್ಲ. ಮಹಾಲಯ ಅಮಾವಾಸ್ಯೆ ಇದೆಯಲ್ಲ ಅನ್ನಬಹುದು, ಆದರೆ ಬೋಟಲ್ಲಿ ಸಾಬರೂ ಇರುತ್ತಾರೆ, ಕ್ರಿಶ್ಚಿಯನ್ನರೂ ಇರುತ್ತಾರೆ.

ಅದಕ್ಕೇ ಜುಲೈ 31 ಅನ್ನುತ್ತಿದ್ದೇನೆ. ಜೂನ್ 1ರಿಂದ 61 ದಿನದ ಮೀನುಗಾರಿಕೆ ರಜೆ ಅವತ್ತಿಗೆ ಮುಗಿಯುತ್ತದೆ. ಟ್ರಾಲ್ ಬೋಟುಗಳೆಲ್ಲ ಬಂದರಿನ ಧಕ್ಕೆಯಲ್ಲೇ ಕಟ್ಟಿರುತ್ತವೆ, ಜನ ಬಲೆ ತುಂಬಿಸುತ್ತಾ, ಐಸು ಡೀಸೆಲ್ ಲೆಕ್ಕ ಹಾಕುತ್ತಾ ಅಲ್ಲೇ ಇರುತ್ತಾರೆ. ಯಾರ ದುಡಿಮೆಯೂ ಹಾಳಾಗುವುದಿಲ್ಲ. ಶಾಲು, ಹಾರ, ಭಾಷಣ ಮಾತ್ರ ದಯವಿಟ್ಟು ಬೇಡ (ಮಂತ್ರಿಗಳು ಬಂದರೆ ಅವರೂ ನಿಂತುಕೊಂಡೇ ಕೇಳಲಿ). ಆ ಧಕ್ಕೆಯಿಂದ ಹೋಗಿ ಬಾರದವರ ಹೆಸರು ಒಂದೊಂದಾಗಿ ಓದಬೇಕು, ಆಮೇಲೆ ಎಲ್ಲ ಬೋಟಿನವರೂ ಒಟ್ಟಿಗೆ ಹಾರ್ನ್ ಹಾಕಬೇಕು, ಅಷ್ಟು ಸಾಕು. ಮಂಗಳೂರಿಂದ ಕಾರವಾರದವರೆಗೆ ಒಂದೇ ಹೊತ್ತಿಗೆ.

ಮೀನುಗಾರಿಕೆ ಇಲಾಖೆ ಹೆಸರುಗಳ ಪಟ್ಟಿ ಮಾಡಲು ಈಗಲೇ ಶುರುಮಾಡಲಿ, ತಡವಾದಷ್ಟೂ ಕಷ್ಟ. ನಾನೇ ಒಂದು ನೋಟ್‌ಬುಕ್ಕಿನಲ್ಲಿ ನಮ್ಮ ಕಡೆಯ 11 ಜನರನ್ನು ಬರೆದಿಟ್ಟಿದ್ದೇನೆ. ಒಬ್ಬನದು ಮಾತ್ರ ಹೆಸರು ಸಿಗುತ್ತಿಲ್ಲ. ಒಡಿಶಾದ ಹುಡುಗ, ನಾಲ್ಕು ವರ್ಷ ನಮ್ಮ ಬೋಟುಗಳಲ್ಲೇ ದುಡಿದಿದ್ದ. ಬೋಟು ನಡೆಸುವ ತಾಂಡೇಲರನ್ನು ಕೇಳಿದೆ, ಅವರೂ ಅವನನ್ನು ಕರೆಯುತ್ತಿದ್ದದ್ದು 'ಭಾಯ್' ಅಂತಲೇ ಅಂತೆ.

– ಒಬ್ಬ ಓದುಗ, ಮಲ್ಪೆ