ಕ್ಷಮಿಸು ಅಂದರೆ ಕೇಳಬೇಡ ಅಂತಲ್ಲ ಮಗಳೇ

ಮಗಳೇ,

ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಗೆಳತಿ ಫೀಸಿಗೆ ಅಂತ ನಲವತ್ತು ಸಾವಿರ ತಗೊಂಡು ಈಗ ನಿನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾಳೆ. ನೀನು ದುಡ್ಡು ಕೇಳಿದರೆ ಉಳಿದವರು "ಕ್ರಿಶ್ಚಿಯನ್ ಅಲ್ವಾ ನೀನು, ಕ್ಷಮಿಸಿಬಿಡು" ಅನ್ನುತ್ತಾರಂತೆ. ಹೀಗೆ ಹೇಳುವವರ ದುಡ್ಡು ಹೋಗಿರುವುದಿಲ್ಲ, ಗಮನಿಸು.

ಬೈಬಲಿನಲ್ಲಿ ಮತ್ತಾಯ 18ನೇ ಅಧ್ಯಾಯ ತೆಗೆದು ಓದು. ಏಳು ಸಾರಿ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದ, ಯೇಸುಸ್ವಾಮಿ ಏಳೆಪ್ಪತ್ತು ಸಾರಿ ಅಂದರು. ಆಮೇಲೆ ಹೇಳಿದ್ದು ಸಾಲದ ಕಥೆ. ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ತಲಾಂತು ಅಂದರೆ ಆಗಿನ ದುಡ್ಡಿನ ಲೆಕ್ಕ, ಒಂದು ತಲಾಂತೇ ಹೆಚ್ಚುಕಡಿಮೆ 6,000 ದಿನದ ಕೂಲಿ. ಮೊಮ್ಮಕ್ಕಳ ಕಾಲಕ್ಕೂ ತೀರುವ ಸಾಲವಲ್ಲ. ಅರಸ ಕನಿಕರಪಟ್ಟು ಪೂರ್ತಿ ಬಿಟ್ಟುಬಿಟ್ಟ. ಅದೇ ಆಳು ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಇನ್ನೊಬ್ಬ ಆಳಿನ ಕುತ್ತಿಗೆ ಹಿಡಿದ.

ಈ ನೂರು ದಿನಾರಿ ಅಂದರೆ ಚಿಲ್ಲರೆ ಕಾಸು ಅನ್ನೋ ಹಾಗೆ ಪ್ರಸಂಗ ಮಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಆಗ ಒಂದು ದಿನದ ಕೂಲಿಯೇ ಒಂದು ದಿನಾರಿ. ನಮ್ಮ ಬೀದರ್ ಕಡೆ ಸೋಯಾ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಂಗಸಿಗೆ ನೂರು ದಿನದ ಕೂಲಿ ಮುಳುಗಿದರೆ ಮನೆ ನಡೆಯುತ್ತಾ? ಅಂದರೆ ನಿನ್ನ ನಷ್ಟ ಸಣ್ಣದು ಅಂತ ಸ್ವಾಮಿ ಹೇಳಲೇ ಇಲ್ಲ. ದೇವರು ನಮಗೆ ಬಿಟ್ಟುಕೊಟ್ಟಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಅಂದರು. ಇನ್ನೊಂದು, ಆ ಆಳು ದುಡ್ಡು ಕೇಳಿದ್ದೇ ತಪ್ಪು ಅಂತ ನನಗನಿಸುವುದಿಲ್ಲ. "ಸ್ವಲ್ಪ ತಾಳು, ಕೊಡುತ್ತೇನೆ" ಅಂತ ಅರಸನ ಮುಂದೆ ತಾನು ಬೇಡಿದ್ದ ಮಾತನ್ನೇ ಇನ್ನೊಬ್ಬ ತನ್ನ ಮುಂದೆ ಬೇಡಿದಾಗ ಕಿವಿಗೂ ಹಾಕಿಕೊಳ್ಳದೆ ಜೈಲಿಗೆ ಹಾಕಿಸಿದನಲ್ಲ, ಅದು.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಗಾಡಿಯಲ್ಲಿ ಮಲಗಿದ್ದಾಗ ಸುಟ್ಟುಹಾಕಿದರು. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಬಾರಿಪದಾದಲ್ಲೇ ಇನ್ನೂ ಕೆಲವು ವರ್ಷ ಉಳಿದು ಅದೇ ಸೇವೆ ಮಾಡಿದರು. ಕೇಸು ಮಾತ್ರ ಕೋರ್ಟಿನಲ್ಲಿ ನಡೆದೇ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಷ್ಟು ದೊಡ್ಡ ದುಃಖದ ಪಕ್ಕ ನಮ್ಮ ನಲವತ್ತು ಸಾವಿರದ ಮಾತು ತರಲು ನಾಚಿಕೆಯಾಗುತ್ತೆ, ಆದರೆ ಕ್ಷಮೆಯೂ ನ್ಯಾಯವೂ ಜೊತೆಗೇ ಇರಬಹುದು ಅನ್ನಲು ನನಗೆ ಇದಕ್ಕಿಂತ ಬೇರೆ ಗೊತ್ತಿಲ್ಲ.

ಸಿಟ್ಟು ಇದೆ, ಅದಕ್ಕೇ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವ ಕರ್ತನ ಭೋಜನಕ್ಕೆ ಹೋಗಲ್ಲ ಅಂದೆಯಲ್ಲ, ಹೋಗು. ಸಿಟ್ಟು ಪೂರ್ತಿ ಇಳಿದವರೇ ಬರಬೇಕು ಅಂದರೆ ಚರ್ಚ್ ಖಾಲಿ! ಆದರೆ ಗೆಳತಿಯರ ಗ್ರೂಪಿನಲ್ಲಿ ಅವಳ ಹೆಸರು ಹಾಕಬೇಡ, ಸ್ಟೇಟಸ್‌ನಲ್ಲಿ ಚುಚ್ಚುಮಾತೂ ಬೇಡ. ತಿಂಗಳಿಗೆ ಎರಡು ಸಾವಿರದಂತೆ ಕೊಡಲು ಆಗುತ್ತಾ ಅಂತ ಯಾರ ಫೋನಿನಿಂದಾದರೂ ಅವಳನ್ನೇ ನೇರವಾಗಿ ಕೇಳು. ಆಗಲ್ಲ ಅಂದರೆ ಮುಂದೆ ಅವಳಿಗೆ ಸಾಲ ಕೊಡಬೇಡ, ಅದೇನು ಪಾಪವಲ್ಲ. ಹಸಿವು ಅಂತ ಬಂದರೆ ಮಾತ್ರ ಊಟ ಹಾಕು.

ಈ ತಿಂಗಳ ಪಿಜಿ ಬಾಡಿಗೆಗೆ ಕಡಿಮೆ ಬಿದ್ದರೆ ಅಪ್ಪನಿಗೆ ಹೇಳು. ನಾನು ಆಗಲೇ ವಿಷಯ ತಿಳಿಸಿದ್ದೇನೆ, ಬೈಯಲ್ಲ.

ನಿನ್ನ ಅವ್ವ