ಕೈಗುಣಕ್ಕೂ ಲೆಕ್ಕ ಬೇಕು

ಮಾಟುಂಗಾ, ಮುಂಬಯಿ

ಚಿ. ಮೇಧಾಳಿಗೆ ಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಪುಣೆಯಿಂದ ನೀನು ಕಳಿಸಿದ ಆಸ್ಟಿಯೋಪಥಿ, ಅಂದರೆ ಮೈಯ ಕೀಲು, ಸ್ನಾಯುಗಳನ್ನು ಕೈಯಿಂದ ಒತ್ತಿ, ಎಳೆದು ಗುಣಪಡಿಸುವ ವಿದ್ಯೆಯ ಕೋರ್ಸಿನ ಕರಪತ್ರ ಓದಿದೆ. ಫಿಸಿಯೋಥೆರಪಿ ಕಲಿತವಳಿಗೆ ಇನ್ನೊಂದು ವಿದ್ಯೆ ಸೇರಿದರೆ ನಷ್ಟವಿಲ್ಲ. ಆದರೆ ಅದರಲ್ಲಿ ಗುಣವಾಗುವ ಕಾಯಿಲೆಗಳೆಂದು ಸೊಂಟನೋವು, ಆಸ್ತಮಾ, ಹಸುಗೂಸಿನ ಹೊಟ್ಟೆನೋವು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಔಷಧ ಪ್ರಯೋಗಗಳ ಅಂಕಿಅಂಶ ನೋಡುತ್ತಲೇ ನೌಕರಿ ಮುಗಿಸಿದ ನನಗೆ ಆ ಪಂಕ್ತಿ ಹಿಡಿಸಲಿಲ್ಲ.

ನಮ್ಮ ಊರಿನಲ್ಲಿ ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರನ್ನು ಕರೆಸಿ ಬೆನ್ನು ತುಳಿಸುತ್ತಿದ್ದರು. ಹತ್ತು ಹದಿನೈದು ದಿನಗಳಲ್ಲಿ ಆಸಾಮಿ ಎದ್ದು ಗದ್ದೆಗೆ ಹೋಗುತ್ತಿದ್ದ. ಹೆಸರು ತುಳಿದವರಿಗೆ ಬರುತ್ತಿತ್ತು. ಹೊಸದಾಗಿ ಬಂದ ಸೊಂಟನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ನಿನ್ನ ಕೈ ಸೋಕದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಮೊದಲು ಕೇಳಿಕೋ.

ಹಾಗೆ ಕೇಳಿದವರಿದ್ದಾರೆ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಪ್ರಯೋಗದಲ್ಲಿ ಸೊಂಟನೋವಿನ ಒಂದು ಗುಂಪಿಗೆ ಆಸ್ಟಿಯೋಪಥಿ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ ಕೊಟ್ಟರು. 12 ವಾರಗಳ ಕೊನೆಗೆ ಎರಡೂ ಸರಿಸಮ. ಆದರೆ ಮೊದಲ ಗುಂಪಿಗೆ ಔಷಧ ಕಡಿಮೆ ಬೇಕಾಯಿತು. ನೋವಿನ ಗುಳಿಗೆ ನುಂಗಿ ಹೊಟ್ಟೆ ಕೆಡಿಸಿಕೊಳ್ಳುವವರ ನಡುವೆ ಅದು ಸಣ್ಣ ಮಾತಲ್ಲ.

2013ರಲ್ಲಿ ಪ್ರಕಟವಾದ ಟೆಕ್ಸಾಸ್‌ನ ಪ್ರಯೋಗ ಇನ್ನೂ ಸ್ವಾರಸ್ಯದ್ದು. ದೀರ್ಘಕಾಲದ ಸೊಂಟನೋವಿನ 455 ಜನ. ಅರ್ಧ ಜನರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಸುಮ್ಮನೆ ಮೈ ಮುಟ್ಟಿ ಮಾಡಿದ ಹುಸಿ ಚಿಕಿತ್ಸೆ. ನೋವು ಶೇ. 30ರಷ್ಟಾದರೂ ಇಳಿದವರು ನಿಜವಾದದ್ದರಲ್ಲಿ ನೂರಕ್ಕೆ 63, ಹುಸಿಯಲ್ಲಿ 46. ಕೋರ್ಸಿನವರು 63ನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನೀನು 46ರ ಮೇಲೆ ಕಣ್ಣಿಡು. ಹುಸಿ ಚಿಕಿತ್ಸೆಯಲ್ಲೂ ಅಷ್ಟು ಜನ ಹಗುರಾದರು! ಕಾಯಿಲೆಯ ಏರಿಳಿತ, ಮುಟ್ಟಿದ ಕೈಯ ಸಮಾಧಾನ, ಗುಣವಾಗುತ್ತದೆಂಬ ನಂಬಿಕೆ ಎಲ್ಲವೂ ಅದರಲ್ಲಿವೆ. ನಿನ್ನ ವಿದ್ಯೆಯ ಪಾಲು ಮೇಲಿನ 17 ಮಾತ್ರ. ಅದರಲ್ಲೂ ದಿನನಿತ್ಯದ ಓಡಾಟ, ಕೆಲಸಗಳ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

2021ರ ಫ್ರಾನ್ಸಿನ ಪ್ರಯೋಗವಂತೂ ಇನ್ನಷ್ಟು ತಣ್ಣಗಿದೆ. ಸುಮಾರು 400 ಜನ, ತಲಾ ಆರು ಭೇಟಿ. ಓಡಾಟದ ತೊಂದರೆಯನ್ನು ನೂರು ಅಂಕಗಳಲ್ಲಿ ಅಳೆದರೆ ಮೂರು ತಿಂಗಳಿಗೆ ನಿಜವಾದ ಚಿಕಿತ್ಸೆಯಲ್ಲಿ 4.7, ಹುಸಿಯಲ್ಲಿ 1.3 ಇಳಿಯಿತು. ಇದರಿಂದ ರೋಗಿಗೆ ಆಗುವ ಪ್ರಯೋಜನ ಸಂಶಯವೇ ಎಂದು ಸಂಶೋಧಕರೇ ಬರೆದಿದ್ದಾರೆ. ಇಂಥ ಪ್ರಯೋಗಗಳಲ್ಲಿ ಇನ್ನೊಂದು ತೊಡಕಿದೆ: ರೋಗಿಗೆ ಗೊತ್ತಾಗದಂತೆ ಮಾಡಬಹುದು, ಆದರೆ ತಾನು ಕೊಡುತ್ತಿರುವುದು ಯಾವುದೆಂದು ಚಿಕಿತ್ಸಕನಿಗೆ ಗೊತ್ತಿದ್ದೇ ಇರುತ್ತದೆ.

ತಲೆಬುರುಡೆಗೆ ಸೂಕ್ಷ್ಮವಾದ ಮಿಡಿತವಿದೆ, ಅದರ ಲಯವನ್ನು ಬೆರಳಿನಲ್ಲಿ ಹಿಡಿಯುತ್ತೇವೆ ಎನ್ನುವ ಪಾಠ ಬಂದರೆ ನಯವಾಗಿ ಎದ್ದು ಚಹಾ ಕುಡಿಯಲು ಹೋಗು. ಒಂದೇ ತಲೆಯನ್ನು ಪರೀಕ್ಷಿಸಿದ ಇಬ್ಬರ ಎಣಿಕೆ ಹೊಂದುವುದೇ ಇಲ್ಲ. ಅಮೆರಿಕದಲ್ಲಿ ಆಸ್ಟಿಯೋಪಥಿ ಪದವೀಧರರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು ಎಂಬುದನ್ನೂ ಮರೆಯಬೇಡ. ಅವರ ಗೌರವ ಈ ಕೋರ್ಸಿನ ಪ್ರಮಾಣಪತ್ರದ ಜೊತೆ ಬರುವುದಿಲ್ಲ.

ಹಡಪಸರದ ಕಂಪ್ಯೂಟರ್ ಹುಡುಗ ತಿಂಗಳುಗಟ್ಟಲೆಯ ಸೊಂಟನೋವು ಹೊತ್ತು ಬಂದರೆ, ನೋವು ಸ್ವಲ್ಪ ಇಳಿಯಬಹುದು, ವ್ಯಾಯಾಮ ಬಿಡಬೇಡಿ ಎಂದಷ್ಟೇ ಹೇಳು. ಆಸ್ತಮಾದವರ ಇನ್‌ಹೇಲರ್ ಬಿಡಿಸಬೇಡ. ಸೊಂಟನೋವಿನ ಜೊತೆ ಕಾಲಿನ ಬಲ ಕುಗ್ಗಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಕೈ ಹಚ್ಚಲೇಬೇಡ, ಆ ಕ್ಷಣವೇ ಆಸ್ಪತ್ರೆಗೆ ಕಳಿಸು.

ಕರಪತ್ರದ ಒಂದೊಂದು ಹೇಳಿಕೆಗೂ ಯಾವ ಪ್ರಯೋಗ, ಯಾವುದರೊಡನೆ ಹೋಲಿಕೆ, ನಡುವೆ ಬಿಟ್ಟುಹೋದವರನ್ನು ಲೆಕ್ಕಕ್ಕೆ ಹಿಡಿದರೇ ಎಂದು ಕೋರ್ಸಿನವರಿಗೆ ಬರೆದು ಕೇಳು. ಶುಲ್ಕದ ಮೊದಲ ಕಂತು ಉತ್ತರ ಬಂದ ಮೇಲೆ ಕಟ್ಟೋಣ. ನಿನ್ನ ಅಪ್ಪನ ಹತ್ತಿರ ನಾನೇ ಮಾತನಾಡುತ್ತೇನೆ.

ಇಂತಿ,
ನಿನ್ನ ಮಾವ