ಖಾಲಿ ಬಿದ್ದರೆ

ಮೈಸೂರು

ಚಿ. ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಬಾಡಿಗೆ ಮನೆಯ ರಿಪೇರಿಯ ಕಥೆ, ಆ ಮನೆಯ ಮೇಲೆ ಬ್ಯಾಂಕ್ ಸಾಲ ತೆಗೆದು ಹಾಕಿದ ದುಡ್ಡು ವಾಪಸ್ ಪಡೆಯುವ ನಿನ್ನ ಯೋಚನೆ, ಎಲ್ಲ ನಿಮ್ಮಪ್ಪ ಆಗಲೇ ಹೇಳಿದ್ದ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಸಾಲ ತೆಗೆದ ಮೇಲೆ ಮನೆ ಖಾಲಿ ಬಿದ್ದರೆ ಏನತ್ತೆ?' ಅಂತ. ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ.

1998ರಲ್ಲಿ ನಿನ್ನ ಮಾವ ಹಿತ್ತಲ ಮನೆಯ ಸಾಲದ ಕಾಗದಗಳನ್ನು ತಂದರು. ಓದದೆ ಸಹಿ ಹಾಕಿದೆ. ಜೂನ್‌ನಲ್ಲಿ ಬಾಡಿಗೆಯವರು ಬಿಟ್ಟು ಹೋದರು. ಹಿಂದೆಯೇ ಆಷಾಢ. ಆಷಾಢದಲ್ಲಿ ಯಾರು ಮನೆ ಬದಲಾಯಿಸುತ್ತಾರೆ ಹೇಳು? ಗೇಟಿಗೆ ಸ್ಲೇಟು ನೇತುಹಾಕಿದೆವು. ಮಳೆ ಬಂದಾಗಲೆಲ್ಲ 'ಬಾಡಿಗೆಗೆ ಇದೆ' ಅಳಿಸಿ ಹೋಗುತ್ತಿತ್ತು. ಶಾಲೆಯಿಂದ ಸೀಮೆಸುಣ್ಣ ತಂದು ಮತ್ತೆ ಬರೆಯುತ್ತಿದ್ದೆ. ಶ್ರಾವಣದಲ್ಲಿ ನಾಲ್ಕು ಮಕ್ಕಳ ಸಂಸಾರವೊಂದು ಬಂತು. 1,500ರ ಬದಲು 1,200 ಕೊಡುತ್ತೇವೆ ಅಂದರು. ಮಾವ ಒಪ್ಪಿದ್ದರು. ನಾನು ಬೇಡ ಅಂದೆ. ಗೋಡೆಗೆ ಹೊಸ ಬಣ್ಣ ಬಳಿಸಿದ್ದ ಜಂಬ. ದೀಪಾವಳಿವರೆಗೂ ಬೀಗ ತೆಗೆಯಲಿಲ್ಲ. ಕಂತಿಗೆ ನನ್ನ ಬಳೆ ಅಡ ಹೋಯಿತು. ಬಳೆಯ ಚಿಂತೆ ಈಗಿಲ್ಲ, ಆ ಮಕ್ಕಳ ಮುಖ ಮಾತ್ರ ನೆನಪಾಗುತ್ತೆ.

ಈಗ ಕಂತು 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಮೇಲೆ ಮನೆ ಜಪ್ತಿಗೆ ಮುಂಚೆ 60 ದಿನದ ನೋಟಿಸು ಅಂತಾರೆ. ಕೂಡಿಸಿದರೆ ಐದು ತಿಂಗಳು. ನಮ್ಮ ಮನೆ ಖಾಲಿ ಇದ್ದದ್ದೂ ಅಷ್ಟೇ.

ನಿನ್ನ ಲೆಕ್ಕ ನೋಡಿದೆ. 18 ಲಕ್ಷ, ಒಂಬತ್ತೂವರೆ ಬಡ್ಡಿ, 15 ವರ್ಷ, ತಿಂಗಳಿಗೆ ಸುಮಾರು 18,800. ಮೇಲಿನ ಮನೆಯಿಂದ 14, ಕೆಳಗಿನಿಂದ 9 ಸಾವಿರ. ಎರಡೂ ತುಂಬಿದ್ದರೆ ಸರಿ. ಮೇಲಿನವರು ಬಿಟ್ಟರೆ ಬಾಡಿಗೆ ನಿಲ್ಲುವುದಷ್ಟೇ ಅಲ್ಲ ಕಣೋ, ಅವರ ಒಂದು ಲಕ್ಷ ಅಡ್ವಾನ್ಸ್ ಅವತ್ತೇ ಕೊಡಬೇಕು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರೂ ಉಳಿದದ್ದು? ಆ ಅಡ್ವಾನ್ಸನ್ನೇ ಬಚ್ಚಲ ಟೈಲ್ಸ್‌ಗೆ ಹಾಕಿದೆ ಅಂತ ನೀನೇ ಬರೆದಿದ್ದೀಯ.

ನನಗೆ ಜಾಸ್ತಿ ಗೊತ್ತಿಲ್ಲ, ತಪ್ಪಿದ್ದರೆ ಬಿಡು. ಹಾಕಿದ್ದೆಲ್ಲ ವಾಪಸ್ ಬರಲೇಬೇಕೆಂದು ಹಟ ಮಾಡಬೇಡ. ಮನೆಗೆ ಬೆಲೆ ಕಟ್ಟುವ ಬ್ಯಾಂಕಿನ ವ್ಯಾಲ್ಯುಯರ್ ನಿನ್ನ ರಿಪೇರಿ ಬಿಲ್ಲು ನೋಡುವುದಿಲ್ಲ, ಆ ಬೀದಿಯಲ್ಲಿ ಮನೆ ಎಷ್ಟಕ್ಕೆ ಹೋಗುತ್ತೆ ಅಂತ ನೋಡುತ್ತಾನೆ. ಅದರಲ್ಲೂ ಒಂದು ಪಾಲಿಗಷ್ಟೇ ಸಾಲ. ಬಂದ ಸಾಲದಲ್ಲಿ ಆರು ಕಂತು, ಜೊತೆಗೆ ಅಡ್ವಾನ್ಸ್, ಎಫ್‌ಡಿಯಲ್ಲಿ ಇಟ್ಟುಬಿಡು. ಬಡ್ಡಿ ವ್ಯತ್ಯಾಸದಲ್ಲಿ ಒಂದಿಷ್ಟು ನಷ್ಟ, ಹೋಗಲಿ. ಭೋಗ್ಯಕ್ಕೆ ಹಾಕು ಅಂತ ಯಾರೋ ಹೇಳಿದರಂತೆ. ಅದೂ ಸಾಲವೇ ಅಲ್ವಾ? ಅವಧಿ ಮುಗಿದ ದಿನ ಇಡೀ ಗಂಟು ಎಣಿಸಬೇಕು, ಅಲ್ಲಿವರೆಗೆ ಬಾಡಿಗೆಯೂ ಇಲ್ಲ.

ಮತ್ತೆ ಅದೇ ಮಾತಿಗೆ ಬರುತ್ತಿದ್ದೇನೆ, ಬೈದುಕೊಳ್ಳಬೇಡ. ಮೇಲಿನವರು ಯಾವ ತಿಂಗಳು ಬಂದರು ಅಂತ ನೀನು ಬರೆದಿಲ್ಲ. ಕರಾರಿನ ಹನ್ನೊಂದು ತಿಂಗಳು ಆಷಾಢದಲ್ಲಿ ಮುಗಿಯುತ್ತಾ? ಪಂಚಾಂಗ ನೋಡಿ ತಿಳಿಸು.

ನಿನ್ನ ಅತ್ತೆ